ಉಜ್ಜಿದಲ್ಲೆಲ್ಲ ಗುಳ್ಳೆ ಏಳುವ ಕೂಸು

ಹುಟ್ಟಿದ ಕೂಸಿನ ಮೈಮೇಲೆ ಮೊದಲ ವಾರ ಏನಾದರೊಂದು ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಎರಡನೇ ದಿನ ಎದೆ, ಬೆನ್ನಿನ ಮೇಲೆ ಕೆಂಪು ಮಚ್ಚೆ, ಅದರ ನಡುವೆ ಹಳದಿ ಚುಕ್ಕೆ. ಮೂಗಿನ ಮೇಲೆ ಸಣ್ಣ ಬಿಳಿ ಕಾಳು. ಸೊಂಟದ ಕೆಳಗೆ ನೀಲಿ ಮಚ್ಚೆ. ಬೇಸಿಗೆಯಾದರೆ ಬೆವರುಸಾಲೆ. ದಿನ ಮೀರಿ ಹುಟ್ಟಿದ ಮಗುವಿನ ಅಂಗೈ ಅಂಗಾಲು ಸಿಪ್ಪೆಯೇಳುವುದೂ ಉಂಟು. ಹೊಟ್ಟೆಯೊಳಗಿದ್ದಾಗಲೇ ಕೈ ಚೀಪಿ ಚೀಪಿ, ಮಣಿಕಟ್ಟಿನ ಮೇಲೆ ಒಂದೇ ಒಂದು ಗುಳ್ಳೆ ಎಬ್ಬಿಸಿಕೊಂಡು ಬರುವ ಮಕ್ಕಳೂ ಇದ್ದಾರೆ. ಇವೆಲ್ಲ ತಾವಾಗಿ ಮಾಯವಾಗುವಂಥವು. ಔಷಧಿ ಬೇಡ, ಮುಲಾಮು ಬೇಡ, ಹೆದರಿಕೆಯಂತೂ ಬೇಡವೇ ಬೇಡ.

ಆದರೆ ಒಂದು ಲಕ್ಷಣವನ್ನು ಮಾತ್ರ ಯಾವ ಕಾರಣಕ್ಕೂ ಕಡೆಗಣಿಸಬಾರದು. ಚರ್ಮಕ್ಕೆ ಏನಾದರೂ ತಾಗಿದ, ಒತ್ತಿದ, ಉಜ್ಜಿದ ಜಾಗದಲ್ಲೇ ನೀರುಗುಳ್ಳೆ ಏಳುವುದು. ಹೊಕ್ಕುಳಬಳ್ಳಿಗೆ ಹಾಕಿದ ಕ್ಲಿಪ್ ತಾಗಿದ ಕಡೆ, ಆಸ್ಪತ್ರೆಯವರು ಕಾಲಿಗೆ ಕಟ್ಟಿದ ಗುರುತಿನ ಪಟ್ಟಿಯ ಅಡಿ, ಡಯಾಪರಿನ ಅಂಚು ಕೂರುವ ತೊಡೆಸಂದಿ, ಒಂದರ ಮೇಲೊಂದು ಉಜ್ಜಿಕೊಳ್ಳುವ ಹಿಮ್ಮಡಿಗಳು, ಎತ್ತಿಕೊಂಡವರ ಬೆರಳು ಕೂತ ಕಂಕುಳು. ಸೂಜಿ ಚುಚ್ಚಿ ಅಂಟಿಸಿದ ಪ್ಲಾಸ್ಟರ್ ಕಿತ್ತರೆ ಅದರೊಡನೆ ಚರ್ಮವೂ ಕಿತ್ತು ಬರುತ್ತದೆ. ಇಂಥ ಮಗುವಿಗೆ ಎಪಿಡರ್ಮೊಲೈಸಿಸ್ ಬುಲೋಸಾ ಇರಬಹುದು. ವೈದ್ಯರು ಚಿಕ್ಕದಾಗಿ ಇಬಿ ಎನ್ನುತ್ತಾರೆ. ಹುಟ್ಟಿನಿಂದಲೇ ಬರುವ, ವಂಶವಾಹಿಯ ದೋಷದಿಂದ ಆಗುವ ಕಾಯಿಲೆ. ಅಂಟುರೋಗವಲ್ಲ, ಪಕ್ಕದ ತೊಟ್ಟಿಲಿನ ಮಗುವಿಗೂ ಎತ್ತಿಕೊಂಡ ಅಕ್ಕನಿಗೂ ಬರುವುದಿಲ್ಲ.

ಅಪರೂಪದ್ದು ನಿಜ. ಅಮೆರಿಕದಲ್ಲಿ ವರ್ಷಾನುಗಟ್ಟಲೆ ದಾಖಲೆಯಿಟ್ಟು ನೋಡಿದಾಗ, ಹತ್ತು ಲಕ್ಷ ಮಕ್ಕಳು ಹುಟ್ಟಿದರೆ ಅವರಲ್ಲಿ ಸುಮಾರು 20 ಮಕ್ಕಳಿಗೆ ಈ ತೊಂದರೆ ಕಂಡುಬಂದಿತು. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಅಲ್ಲಿಯ ಲೆಕ್ಕವೇ ಇಲ್ಲಿಗೂ ಹೊಂದುತ್ತದೆ ಎಂದಿಟ್ಟುಕೊಂಡರೂ ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ ಇಪ್ಪತ್ತು ಮನೆಗಳ ಬಾಣಂತಿ ಕೋಣೆಗೆ ಈ ಕಾಯಿಲೆ ಕಾಲಿಡುತ್ತದೆ. ಆ ಇಪ್ಪತ್ತು ಮನೆಗಳಲ್ಲಿ ಮೊದಲ ವಾರ ಏನು ನಡೆಯುತ್ತದೆ ಎಂಬುದು ಮಗುವಿನ ಪಾಲಿಗೆ ಬಹಳ ಮುಖ್ಯ. ಈ ಬರಹ ಅದರ ಕುರಿತಾದದ್ದು.

ನಮ್ಮ ಚರ್ಮಕ್ಕೆ ಎರಡು ಮುಖ್ಯ ಪದರಗಳಿವೆ. ಮೇಲ್ಪದರ ತೆಳು, ಒಳಪದರ ದಪ್ಪ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವಾಗ ಪದರಗಳು ಜಾರದಂತೆ ಹಿಡಿಯುವುದು ಒತ್ತೊತ್ತಾದ ಹೊಲಿಗೆ. ಚರ್ಮದಲ್ಲಿ ಆ ಕೆಲಸ ಮಾಡುವುದು ಕೆಲವು ಪ್ರೋಟೀನುಗಳು. ಇವುಗಳಲ್ಲಿ ಯಾವುದಾದರೊಂದನ್ನು ತಯಾರಿಸುವ ವಂಶವಾಹಿಯಲ್ಲಿ ತಪ್ಪಿದ್ದರೆ ಆ ಪ್ರೋಟೀನು ದುರ್ಬಲವಾಗಿ ತಯಾರಾಗುತ್ತದೆ, ಇಲ್ಲವೇ ತಯಾರಾಗುವುದೇ ಇಲ್ಲ. ಆಗ ಸ್ವಲ್ಪ ತಿಕ್ಕಿದರೂ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬಿಕೊಳ್ಳುತ್ತದೆ. ಮೇಲ್ಪದರದ ಬುಡದಲ್ಲಿರುವ ಕೆರಟಿನ್ 5 ಅಥವಾ 14ರಲ್ಲಿ ದೋಷವಿದ್ದರೆ ಅದು ಸಿಂಪ್ಲೆಕ್ಸ್ ಬಗೆ. ಇಬಿ ಇರುವವರಲ್ಲಿ ಹೆಚ್ಚಿನವರಿಗೆ ಇರುವುದು ಇದೇ. ಎರಡು ಪದರ ಕೂಡುವ ಗಡಿಯಲ್ಲಿ ಲ್ಯಾಮಿನಿನ್ 332 ಮುಂತಾದವು ಕೈಕೊಟ್ಟರೆ ಜಂಕ್ಷನಲ್. ಗಡಿಯಿಂದ ಒಳಪದರಕ್ಕೆ ಬೇರಿಳಿಸುವ ಕೊಲ್ಯಾಜನ್ 7 ಇಲ್ಲವಾದರೆ ಡಿಸ್ಟ್ರೋಫಿಕ್. ನಾಲ್ಕನೆಯದಾದ ಕಿಂಡ್ಲರ್ ಬಗೆ ಬಹಳ ವಿರಳ. ಪದರ ಎಷ್ಟು ಆಳದಲ್ಲಿ ಬಿಡಿಸಿಕೊಳ್ಳುತ್ತದೋ ಅದರ ಮೇಲೆ ಮಗುವಿನ ಮುಂದಿನ ಬದುಕು ನಿಂತಿದೆ.

ಇನ್ನು ಲಕ್ಷಣಗಳು. ಗುಳ್ಳೆ ಹುಟ್ಟುವಾಗಲೇ ಇರಬಹುದು, ಮೊದಲ ಕೆಲವು ದಿನಗಳಲ್ಲಿ ಏಳಬಹುದು. ಸೌಮ್ಯ ಸಿಂಪ್ಲೆಕ್ಸ್‌ನಲ್ಲಿ ಮಗು ಅಂಬೆಗಾಲಿಡುವ, ನಡೆಯತೊಡಗುವ ತನಕ ಏನೂ ತೋರದೆ, ಆಮೇಲೆ ಮಂಡಿಯಲ್ಲೋ ಅಂಗಾಲಿನಲ್ಲೋ ಮೊದಲ ಗುಳ್ಳೆ ಏಳಬಹುದು. ಗುಳ್ಳೆಯೊಳಗೆ ತಿಳಿನೀರಿರಬಹುದು, ರಕ್ತ ಬೆರೆತೂ ಇರಬಹುದು. ಒಡೆದರೆ ಹಸಿ ಕೆಂಪು ಗಾಯ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಕಾಲಿನ ಮೊಣಕಾಲಿನ ಕೆಳಗೆ, ಪಾದದ ಮೇಲೆ ಚರ್ಮವೇ ಇಲ್ಲದೆ, ಸುಲಿದಿಟ್ಟಂತೆ ಕೆಂಪಗೆ ಇರುತ್ತಾರೆ. ಹೆರಿಗೆ ಮಾಡಿಸಿದವರು ಇದನ್ನು ಕಂಡು, ತಮ್ಮ ಕೈಯಿಂದಲೇ ಗಾಯವಾಯಿತೇನೋ ಎಂದು ಗಾಬರಿಯಾಗುತ್ತಾರೆ. ಹಾಗಲ್ಲ, ಹೊಟ್ಟೆಯೊಳಗೇ ಕಾಲಿಗೆ ಕಾಲು ಉಜ್ಜಿ ಆದ ಗಾಯ ಅದು.

ಚರ್ಮದ ಜೊತೆಗೆ ನೋಡಬೇಕಾದ ಇನ್ನೂ ಕೆಲವು ಜಾಗಗಳಿವೆ. ಬಾಯಿ ಮೊದಲನೆಯದು. ನಾಲಿಗೆ, ಅಂಗುಳ, ಒಸಡಿನ ಮೇಲೆ ಗುಳ್ಳೆ ಎದ್ದ ಮಗು ಹಸಿದು ಅಳುತ್ತದೆ, ಮೊಲೆಗೆ ಬಾಯಿಡುತ್ತದೆ, ಎರಡು ಗುಟುಕು ಎಳೆದು ನೋವಿಗೆ ಬಿಟ್ಟುಬಿಡುತ್ತದೆ. ಹಾಲು ಕುಡಿಯುವುದಿಲ್ಲ ಎಂಬ ದೂರಿನ ಹಿಂದೆ ಇದಿರಬಹುದು. ಟಾರ್ಚ್ ಹಿಡಿದು ಬಾಯೊಳಗೆ ನೋಡಬೇಕು. ಎರಡನೆಯದು ಉಗುರು. ಉಗುರೇ ಇಲ್ಲದಿರುವುದು, ಮಂದವಾಗಿ ಸೊಟ್ಟಗಿರುವುದು, ಸುತ್ತ ಹಸಿಮಾಂಸ ಉಬ್ಬಿ ಉಗುರು ಉದುರಿಹೋಗುವುದು. ಮೂರನೆಯದನ್ನು ಕಿವಿಯಿಂದ ತಿಳಿಯಬೇಕು, ಅಳುವಿನ ದನಿ. ಮಗುವಿನ ಅಳು ಒಡಕಾಗಿದ್ದರೆ, ಗಂಟಲು ಕಟ್ಟಿದಂತೆ ಗೊರಗೊರ ಎನ್ನುತ್ತಿದ್ದರೆ, ಧ್ವನಿಪೆಟ್ಟಿಗೆಯಲ್ಲೂ ಗುಳ್ಳೆ ಎದ್ದಿದೆ ಎಂದು ಅರ್ಥ. ಇದು ಜಂಕ್ಷನಲ್ ಬಗೆಯ ಕೆಟ್ಟ ಸೂಚನೆ. ಉಸಿರಿನ ದಾರಿಯೇ ಕಟ್ಟಿಹೋಗಬಹುದು. ಕುಡಿದದ್ದೆಲ್ಲ ವಾಂತಿಯಾಗಿ ಹೊಟ್ಟೆ ಉಬ್ಬಿದರೆ, ಜಠರದ ಹೊರಬಾಯಿ ಹುಟ್ಟಿನಿಂದಲೇ ಮುಚ್ಚಿಕೊಂಡಿರುವ ಸಾಧ್ಯತೆಯೂ ಉಂಟು. ಕಣ್ಣು ಬಿಡದೆ ನೀರು ಸುರಿಸುತ್ತಿದ್ದರೆ ಕರಿಗುಡ್ಡೆಯ ಮೇಲ್ಮೈ ಸುಲಿದಿರಬಹುದು.

ಗಾಯ ಹೇಗೆ ಮಾಗುತ್ತದೆ ಎಂಬುದೂ ಮಾತಾಡುತ್ತದೆ. ಸಿಂಪ್ಲೆಕ್ಸ್‌ನಲ್ಲಿ ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ. ಡಿಸ್ಟ್ರೋಫಿಕ್‌ನಲ್ಲಿ ಮಾಗಿದ ಜಾಗ ತೆಳುವಾಗಿ, ಸುಕ್ಕುಸುಕ್ಕಾಗಿ, ಅದರೊಳಗೆ ಸಣ್ಣ ಬಿಳಿ ಕಾಳುಗಳು ಕಾಣಿಸುತ್ತವೆ. ತೀವ್ರವಾಗಿದ್ದರೆ ಪದೇ ಪದೇ ಗಾಯವಾಗಿ ಮಾಗುವ ಕೈಬೆರಳುಗಳು ವರ್ಷಗಳುರುಳಿದಂತೆ ಒಂದಕ್ಕೊಂದು ಕೂಡಿಕೊಂಡು ಮುಷ್ಟಿಯಾಗಿಬಿಡುತ್ತವೆ. ಅನ್ನನಾಳ ಕಿರಿದಾಗುತ್ತದೆ. ನುಂಗಲಾಗದೆ, ಗಾಯದಲ್ಲಿ ರಕ್ತ ಸೋರಿ, ಮಗು ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹರೆಯಕ್ಕೆ ಬಂದ ಮೇಲೆ ಹಳೆಯ ಗಾಯಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವ ಭಯವೂ ಇದೆ. ತೀವ್ರ ಜಂಕ್ಷನಲ್ ಬಗೆಯ ಮಕ್ಕಳಲ್ಲಿ ಅನೇಕರು ಎರಡು ವರ್ಷ ದಾಟುವುದಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಲೇಬೇಕು. ಮೊದಲ ವಾರದಲ್ಲಿ ಮೈನೋಟ ನೋಡಿ ಭವಿಷ್ಯ ನುಡಿಯಬಾರದು. ಸಿಂಪ್ಲೆಕ್ಸ್‌ನಲ್ಲೇ ಒಂದು ತೀವ್ರ ಬಗೆಯಿದೆ; ಗುಂಪುಗುಂಪಾಗಿ ಗುಳ್ಳೆ ಎದ್ದು, ನೋಡಿದವರು ಮಗು ಉಳಿಯುವುದಿಲ್ಲ ಎನ್ನುವಂತಿರುತ್ತದೆ. ವರ್ಷ ಕಳೆದಂತೆ ಅದು ಗಣನೀಯವಾಗಿ ತಗ್ಗುವುದೇ ಹೆಚ್ಚು. ಇನ್ನೊಂದೆಡೆ, ಒಂದೆರಡು ಗುಳ್ಳೆಯಷ್ಟೇ ಇದ್ದು ಚೆನ್ನಾಗಿಯೇ ಕಾಣುವ ಮಗುವಿಗೆ ತೀವ್ರ ಜಂಕ್ಷನಲ್ ಇರಬಹುದು. ಅನುಭವಿ ಚರ್ಮವೈದ್ಯರೂ ಕಣ್ಣಳತೆಯಲ್ಲಿ ಬಗೆ ಹೇಳಲಾರರು. ‘ಇದು ಬದುಕುವ ಮಗುವಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ಮೂರನೇ ದಿನವೇ ಹೇಳಿಬಿಡುವುದು ಎಷ್ಟೋ ಮಕ್ಕಳ ವಿಷಯದಲ್ಲಿ ಸುಳ್ಳಾಗುತ್ತದೆ.

ಗುಳ್ಳೆಗಳೆಲ್ಲ ಇಬಿಯೂ ಅಲ್ಲ. ಹಸುಗೂಸಿನ ಗುಳ್ಳೆಗೆ ಹೆಚ್ಚು ಸಾಮಾನ್ಯವಾದ ಕಾರಣ ಸೋಂಕು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಚರ್ಮ ಸುಟ್ಟಂತೆ ಕೆಂಪಾಗಿ ಹಾಳೆಹಾಳೆಯಾಗಿ ಸುಲಿಯುತ್ತದೆ. ಹರ್ಪಿಸ್ ವೈರಸ್ ತಗುಲಿದರೆ ಕೆಂಪು ಬುಡದ ಸಣ್ಣ ಗುಳ್ಳೆಗಳ ಗೊಂಚಲು. ತಾಯಿಯ ಸಿಫಿಲಿಸ್ ಮಗುವಿಗೆ ದಾಟಿದ್ದರೆ ಅಂಗೈ ಅಂಗಾಲಲ್ಲಿ ಗುಳ್ಳೆ. ಇವಕ್ಕೆಲ್ಲ ಔಷಧಿಯಿದೆ, ಆದರೆ ತಡಮಾಡಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಗುಳ್ಳೆ ಎದ್ದ ಹಸುಗೂಸು ಮೊದಲು ಹೋಗಬೇಕಾದದ್ದು ಮಕ್ಕಳ ವೈದ್ಯರ ಬಳಿಗೆ, ಅದೇ ದಿನ. ಮೈ ಬಿಸಿಯಾಗಿದ್ದರೆ ಅಥವಾ ತಣ್ಣಗಾಗಿದ್ದರೆ, ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ರಾತ್ರಿಯೆನ್ನದೆ ಹೊರಡಬೇಕು. ಗೆರೆಗೆರೆಯಾಗಿ ಸಾಲುಗಟ್ಟಿ ಏಳುವ ಗುಳ್ಳೆಗೆ ಇನ್ಕಾಂಟಿನೆನ್ಶಿಯಾ ಪಿಗ್ಮೆಂಟಿ ಎಂಬ ಬೇರೊಂದು ವಂಶವಾಹಿ ಕಾಯಿಲೆ ಕಾರಣ; ಅದು ಬಹುಮಟ್ಟಿಗೆ ಹೆಣ್ಣುಮಕ್ಕಳಲ್ಲಿ. ಅದರಲ್ಲಿ ಕಣ್ಣಿನ ಪರೀಕ್ಷೆ ತುರ್ತಾಗಿ ಆಗಬೇಕು.

ನಮ್ಮ ಮನೆಗಳಲ್ಲಿ ಕೂಸಿನ ಆರೈಕೆಯೆಂದರೆ ಎಣ್ಣೆ ಹಚ್ಚಿ ನೀವಿ ಬಿಸಿನೀರು ಹಾಕುವುದು. ಅಜ್ಜಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವಿ, ಎಳೆದು, ಹಿಟ್ಟು ಹಚ್ಚಿ ಉಜ್ಜುತ್ತಾಳೆ. ಆರೋಗ್ಯವಂತ ಮಗುವಿಗೆ ಮೆಲ್ಲನೆ ಎಣ್ಣೆ ನೀವುವುದರಲ್ಲಿ ತಪ್ಪಿಲ್ಲ. ಇಬಿ ಇರುವ ಮಗುವಿಗೆ ಆ ಒಂದು ಸ್ನಾನ ಸಾಕು, ಬೆನ್ನು ತೊಡೆಯ ಚರ್ಮವೆಲ್ಲ ಸುಲಿದು ಬರಲು. ಉಡಿದಾರ, ಕಾಲ್ಗಡಗ, ಕೈಗೆ ಕಟ್ಟಿದ ಕರಿಮಣಿ, ಬಿಗಿ ಕುಲಾವಿಯ ದಾರ, ಒಂದೊಂದೂ ಒಂದೊಂದು ಗಾಯ ಮಾಡುತ್ತದೆ. ಮೈಮೇಲೆ ಗುಳ್ಳೆ ಕಂಡರೆ ‘ಅಮ್ಮ’ ಆಗಿದೆ ಎಂದುಕೊಂಡು ಬೇವಿನ ಸೊಪ್ಪಿನ ಮೇಲೆ ಮಲಗಿಸುವುದು, ಸೊಪ್ಪು ಅರೆದು ಹಚ್ಚುವುದು ಇನ್ನೂ ನಡೆದಿದೆ. ನಾಗದೋಷ, ಗ್ರಹಣದ ದಿನ ಬಸುರಿ ಹೊರಗೆ ಬಂದಳು ಎಂಬ ಮಾತುಗಳು ಬೇರೆ. ದೇವರಿಗೆ ಹರಕೆ ಹೊರುವವರನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಹರಕೆಯ ಕಾಣಿಕೆ ಕಟ್ಟಿಟ್ಟು ಮಗುವನ್ನು ಆಸ್ಪತ್ರೆಗೆ ಕರೆತನ್ನಿ. ಮತ್ತೆ, ತಾಯಿ ತಿಂದದ್ದರಿಂದ, ನಡೆದದ್ದರಿಂದ, ನೋಡಿದ್ದರಿಂದ ಈ ಕಾಯಿಲೆ ಬರುವುದಿಲ್ಲ. ಹೆತ್ತ ಹೊಟ್ಟೆಯನ್ನು ಹಳಿಯುವುದು ಅನ್ಯಾಯ.

ಅನುಮಾನ ಬಂದ ಗಳಿಗೆಯಿಂದ ಮಾಡಬೇಕಾದದ್ದು ಸರಳವಿದೆ, ಖರ್ಚೂ ಕಡಿಮೆ. ಮೊದಲನೆಯದು, ಮೈಗೆ ಅಂಟುವ ಯಾವುದನ್ನೂ ಹಚ್ಚದಿರುವುದು. ಈಗಾಗಲೇ ಅಂಟಿಸಿದ ಪ್ಲಾಸ್ಟರನ್ನು ಕೀಳದೆ, ಲಿಕ್ವಿಡ್ ಪ್ಯಾರಾಫಿನ್ ಸವರಿ ನೆನೆಸಿ, ತಾನಾಗಿ ಸಡಿಲವಾದ ಮೇಲೆ ತೆಗೆಯುವುದು. ಹೊಕ್ಕುಳಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರದ ಗಂಟು. ಕಂಕುಳಿಗೆ ಕೈಹಾಕಿ ಎತ್ತಬಾರದು. ತಲೆ ಮತ್ತು ಪೃಷ್ಠದ ಅಡಿಗೆ ಅಂಗೈ ಹಾಸಿ, ಮೆತ್ತನೆಯ ಹಾಸಿನ ಸಮೇತ ಎತ್ತಬೇಕು. ಅವಧಿಗೆ ಮೊದಲೇ ಹುಟ್ಟಿದ ಮಗುವಲ್ಲದಿದ್ದರೆ ಇನ್‌ಕ್ಯುಬೇಟರ್ ಬೇಡ, ಶಾಖ ಮತ್ತು ಸೆಕೆ ಗುಳ್ಳೆಗಳನ್ನು ಹೆಚ್ಚಿಸುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆ ಈ ಮಕ್ಕಳಿಗೆ ಎಷ್ಟು ಕಠಿಣ ಎಂದು ಇದರಿಂದಲೇ ಊಹಿಸಬಹುದು. ಅಂಗಿಯನ್ನು ಹೊಲಿಗೆ ಹೊರಗೆ ಬರುವಂತೆ ತಿರುವಿ ಹಾಕಬೇಕು. ರಕ್ತ ತೆಗೆಯುವಾಗ ಸ್ಪಿರಿಟ್ ಹತ್ತಿಯನ್ನು ಉಜ್ಜದೆ ಮೆಲ್ಲಗೆ ಒತ್ತಬೇಕು. ಲಸಿಕೆಗಳನ್ನು ತಪ್ಪಿಸಬೇಕಾಗಿಲ್ಲ, ಚುಚ್ಚಿದ ಮೇಲೆ ಆ ಜಾಗವನ್ನು ತಿಕ್ಕದಿದ್ದರೆ ಆಯಿತು.

ಗುಳ್ಳೆಯನ್ನು ಮುಟ್ಟದೆ ಬಿಡಬೇಕು ಎಂದು ನಾವೆಲ್ಲ ಕಲಿತಿದ್ದೇವೆ. ಸುಟ್ಟ ಗಾಯಕ್ಕೆ ಅದು ಸರಿ. ಇಬಿಯಲ್ಲಿ ಹಾಗೆ ಬಿಟ್ಟರೆ ನೀರಿನ ಒತ್ತಡಕ್ಕೆ ಪಕ್ಕದ ಚರ್ಮವೂ ಬಿಟ್ಟುಕೊಂಡು ಗುಳ್ಳೆ ಹರಡುತ್ತದೆ. ಅದಕ್ಕೆ ಶುದ್ಧ ಸೂಜಿಯಿಂದ ಗುಳ್ಳೆಯ ತಗ್ಗಿನ ಭಾಗದಲ್ಲಿ ಚುಚ್ಚಿ ನೀರು ಇಳಿಸಬೇಕು. ಮೇಲಿನ ಪೊರೆಯನ್ನು ಕತ್ತರಿಸದೆ ಹಾಗೇ ಕೂರಿಸಬೇಕು. ಅದರ ಮೇಲೆ ವ್ಯಾಸಲೀನ್ ಗಾಜ್ ಅಥವಾ ಗಾಯಕ್ಕೆ ಅಂಟದ ಸಿಲಿಕೋನ್ ಡ್ರೆಸ್ಸಿಂಗ್ ಇಟ್ಟು, ಸಡಿಲವಾಗಿ ಬ್ಯಾಂಡೇಜ್ ಸುತ್ತಬೇಕು. ಬೆರಳುಗಳನ್ನು ಬೇರೆ ಬೇರೆಯಾಗಿ ಸುತ್ತುವುದನ್ನು ಮರೆಯಬಾರದು. ಡ್ರೆಸ್ಸಿಂಗ್ ಅಂಟಿಕೊಂಡರೆ ಉಗುರುಬೆಚ್ಚಗಿನ ಸಲೈನ್‌ನಲ್ಲಿ ನೆನೆಸಿ ಬಿಡಿಸಬೇಕು. ತುಟಿಗೆ ವ್ಯಾಸಲೀನ್ ಸವರಿದರೆ ಎದೆಹಾಲು ಕುಡಿಸಬಹುದು. ಆಗದಿದ್ದರೆ ಹಿಂಡಿದ ಹಾಲನ್ನು ಮೆತ್ತನೆಯ ನಿಪ್ಪಲ್ಲಿನಿಂದಲೋ ಡ್ರಾಪರಿನಿಂದಲೋ ಹನಿಹನಿಯಾಗಿ ಕೊಡಬಹುದು. ಡ್ರೆಸ್ಸಿಂಗ್‌ಗೆ ಮೊದಲು ನೋವಿನ ಔಷಧಿ ಕೊಡಲೇಬೇಕು. ಹಸುಗೂಸಿಗೆ ನೋವು ತಿಳಿಯುವುದಿಲ್ಲ ಎಂಬ ಹಳೆಯ ನಂಬಿಕೆ ಎಂದೋ ಬಿದ್ದುಹೋಗಿದೆ.

ಮೊದಲ ನಲವತ್ತು ದಿನಗಳಲ್ಲಿ ಈ ಮಗುವನ್ನು ಹತ್ತಿರದಿಂದ ನೋಡುವ ಅವಕಾಶ ಯಾರಿಗಿದೆ ಎಂದು ಕೇಳಿದರೆ, ನನ್ನ ಉತ್ತರ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ಚರ್ಮದ ಮೇಲೆ ಕೀವುಗುಳ್ಳೆ ಇದೆಯೇ ಎಂದು ನೋಡುವುದು ಆ ಭೇಟಿಯ ಭಾಗವೇ. ‘ಉಜ್ಜಿದ ಕಡೆ ಗುಳ್ಳೆ, ಬಾಯಲ್ಲಿ ಗುಳ್ಳೆ, ಉಗುರಿನ ತೊಂದರೆ, ಒಡಕು ದನಿ’ ಎಂಬ ನಾಲ್ಕು ಮಾತುಗಳನ್ನು ಅವರ ತರಬೇತಿಗೆ ಸೇರಿಸಲು ಸರ್ಕಾರಕ್ಕೆ ಹೆಚ್ಚು ಹಣ ಬೇಕಾಗಿಲ್ಲ.

ಯಾವ ಬಗೆ ಎಂದು ಖಚಿತವಾಗಿ ಹೇಳಲು ಹೊಸದಾಗಿ ಎದ್ದ ಗುಳ್ಳೆಯ ಅಂಚಿನಿಂದ ಚರ್ಮದ ಚಿಕ್ಕ ತುಣುಕು ತೆಗೆದು, ಪದರ ಎಲ್ಲಿ ಸೀಳಿದೆ, ಯಾವ ಪ್ರೋಟೀನು ಕಾಣೆಯಾಗಿದೆ ಎಂದು ನೋಡುತ್ತಾರೆ. ಈಗ ರಕ್ತದಿಂದ ಮಾಡುವ ವಂಶವಾಹಿ ಪರೀಕ್ಷೆಯೂ ದೇಶದಲ್ಲೇ ಲಭ್ಯ. ಅದು ಕಾಯಿಲೆಯ ಹೆಸರನ್ನಷ್ಟೇ ಅಲ್ಲದೆ ಅದು ಕುಟುಂಬದಲ್ಲಿ ಬಂದ ದಾರಿಯನ್ನೂ ತಿಳಿಸುತ್ತದೆ. ಸಿಂಪ್ಲೆಕ್ಸ್ ಹೆಚ್ಚಾಗಿ ತಂದೆತಾಯಿಯರಲ್ಲಿ ಒಬ್ಬರಿಂದ ಬರುತ್ತದೆ. ಅಂಥವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವೊಮ್ಮೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೂ ಉಂಟು. ಜಂಕ್ಷನಲ್ ಮತ್ತು ತೀವ್ರ ಡಿಸ್ಟ್ರೋಫಿಕ್ ಹಾಗಲ್ಲ. ತಂದೆ ತಾಯಿ ಇಬ್ಬರೂ ದೋಷವುಳ್ಳ ಒಂದೊಂದು ಪ್ರತಿಯನ್ನು ಹೊತ್ತಿರುತ್ತಾರೆ, ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ದೋಷಪ್ರತಿಗಳು ಮಗುವಿನಲ್ಲಿ ಒಟ್ಟಾದಾಗ ಕಾಯಿಲೆ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕುವಂತಿಲ್ಲ.

ಸೋದರಸಂಬಂಧದ ಮದುವೆಯ ಮಾತು ಇಲ್ಲಿ ಬಾರದೆ ಇರದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೇ ಒಂದು ಪಾಲು ಸಮಾನ. ಸೋದರತ್ತೆ, ಸೋದರಮಾವನ ಮಕ್ಕಳ ನಡುವೆ ಎಂಟನೇ ಒಂದು. ಒಂದೇ ದೋಷಪ್ರತಿ ಎರಡೂ ಕಡೆ ಇರುವ ಅವಕಾಶ ಅಲ್ಲಿ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ಇಂಥ ಮದುವೆಯಾದ ಬಹುಪಾಲು ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಬಳಗದಲ್ಲಿ ಗುಳ್ಳೆಯೆದ್ದು ತೀರಿಕೊಂಡ ಹಸುಗೂಸಿನ ನೆನಪಿದ್ದರೆ, ಮತ್ತೆ ಅದೇ ಬಳಗದಲ್ಲಿ ಹೆಣ್ಣು ತರುವ ಮುನ್ನ ವಂಶವಾಹಿ ತಜ್ಞರನ್ನು ಕಾಣುವುದು ಒಳ್ಳೆಯದು.

ಈ ಕಾಯಿಲೆಯನ್ನು ಬುಡಸಮೇತ ವಾಸಿಮಾಡುವ ಮದ್ದು ಇಂದಿಗೂ ಇಲ್ಲ. ಹಾಗೆಂದು ವಿಜ್ಞಾನ ಕೈಕಟ್ಟಿ ಕೂತಿಲ್ಲ. 2015ರಲ್ಲಿ ಜರ್ಮನಿಯ ಬೋಹುಮ್‌ನಲ್ಲಿ ಮೈಚರ್ಮದ ಬಹುಪಾಲನ್ನು ಕಳೆದುಕೊಂಡು ಸಾವಿನಂಚಿನಲ್ಲಿದ್ದ ಏಳು ವರ್ಷದ ಜಂಕ್ಷನಲ್ ಇಬಿ ಬಾಲಕನ ಜೀವಕೋಶಗಳನ್ನು ಇಟಲಿಯ ಮೊಡೆನಾದಲ್ಲಿ ಮಿಕೆಲೆ ದೆ ಲೂಕಾ ತಂಡ ಸರಿಪಡಿಸಿ, ಚರ್ಮದ ಹಾಳೆಗಳಾಗಿ ಬೆಳೆಸಿತು. ಮೈಯ ಶೇ. 80ರಷ್ಟು ಭಾಗಕ್ಕೆ ಅದನ್ನು ಹೊದಿಸಿದರು. ಬಾಲಕ ಶಾಲೆಗೆ ಮರಳಿದ. 2023ರ ಮೇ ತಿಂಗಳಲ್ಲಿ ಅಮೆರಿಕ, ಡಿಸ್ಟ್ರೋಫಿಕ್ ಗಾಯಗಳಿಗೆ ಕೊಲ್ಯಾಜನ್ 7ರ ವಂಶವಾಹಿಯನ್ನು ಹೊತ್ತೊಯ್ಯುವ ಜೆಲ್ ಒಂದಕ್ಕೆ ಅನುಮತಿ ಕೊಟ್ಟಿತು. ಗಾಯದ ಮೇಲೆ ವಾರಕ್ಕೊಮ್ಮೆ ಹನಿಸಿದರೆ ಸಾಕು. ಅದರ ಬೆಲೆ ನಮ್ಮ ಸಾಮಾನ್ಯ ಕುಟುಂಬಗಳಿಗೆ ಎಟುಕದ ಎತ್ತರದಲ್ಲಿದೆ. ಸದ್ಯಕ್ಕೆ ನಮ್ಮ ಮಕ್ಕಳನ್ನು ಕಾಪಾಡುತ್ತಿರುವುದು ಅಂಟದ ಡ್ರೆಸ್ಸಿಂಗ್, ಒಳ್ಳೆಯ ಆಹಾರ ಮತ್ತು ಮನೆಯವರ ಎಚ್ಚರದ ಕೈ. ಡ್ರೆಸ್ಸಿಂಗ್ ಬದಲಾಯಿಸಲು ದಿನಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ವಿರಳ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂದಿದೆ; ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದರಡಿ ಗುರುತಿಸಲಾದ ಕೇಂದ್ರ. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಮಕ್ಕಳಿಗೆ ಡ್ರೆಸ್ಸಿಂಗ್ ಸಾಮಗ್ರಿ ಉಚಿತವಾಗಿ ಸಿಗುವಂತಾದರೆ ದುಬಾರಿ ಔಷಧಿಗೆ ಕಾಯುವ ಮೊದಲೇ ಎಷ್ಟೋ ನೋವು ತಗ್ಗುತ್ತದೆ.

1978ರಲ್ಲಿ ಬ್ರಿಟನ್ನಿನಲ್ಲಿ ಫಿಲಿಸ್ ಹಿಲ್ಟನ್ ಎಂಬ ತಾಯಿ, ಇಬಿಯಿದ್ದ ತಮ್ಮ ಮಗಳ ಹೆಸರಿನಲ್ಲಿ ಡೆಬ್ರಾ ಎಂಬ ಸಂಘ ಕಟ್ಟಿದರು. ಈಗ ಅದೇ ಹೆಸರಿನ ಸಂಘಗಳು ಭಾರತವೂ ಸೇರಿ ಹಲವು ದೇಶಗಳಲ್ಲಿವೆ. ಹೊಸದಾಗಿ ಈ ಹೆಸರು ಕೇಳಿದ ತಂದೆತಾಯಿ ಅವರನ್ನು ಸಂಪರ್ಕಿಸಲಿ. ಡ್ರೆಸ್ಸಿಂಗ್ ಹಾಕುವ ಕೈಚಳಕವನ್ನು ಹತ್ತು ವರ್ಷ ಅದನ್ನೇ ಮಾಡಿದ ಇನ್ನೊಬ್ಬ ತಾಯಿಯಷ್ಟು ಚೆನ್ನಾಗಿ ಯಾವ ಪುಸ್ತಕವೂ ಕಲಿಸದು.

ವೈದ್ಯ ಮಿತ್ರರಲ್ಲಿ ಒಂದು ಕೋರಿಕೆಯಿದೆ. ಎಷ್ಟು ಹೆಣಗಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ, ಮನೆಯವರ ಒಪ್ಪಿಗೆ ಪಡೆದು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ವಂಶವಾಹಿ ಪರೀಕ್ಷೆಗಾಗಿ ತೆಗೆದಿರಿಸಿ. ಆ ಮಗುವಿನ ದೋಷ ಯಾವುದೆಂದು ಖಚಿತವಾಗಿ ಗೊತ್ತಿದ್ದರೆ, ಮುಂದಿನ ಬಸಿರಿನ 11ರಿಂದ 13ನೇ ವಾರದೊಳಗೆ ಪರೀಕ್ಷೆ ಮಾಡಿ ಹೇಳಬಹುದು. ಗೊತ್ತಿಲ್ಲದಿದ್ದರೆ ಅದೇ ತಾಯಿ ಮತ್ತೊಮ್ಮೆ ಒಂಬತ್ತು ತಿಂಗಳು ಭಯದಲ್ಲಿ ಕಳೆಯಬೇಕಾಗುತ್ತದೆ. ದುಃಖದಲ್ಲಿರುವ ಮನೆಯವರಿಗೆ ಇದನ್ನು ಕೇಳಲು ತೋಚುವುದಿಲ್ಲ, ನೀವೇ ನೆನಪಿಸಿ.